ದೌಲತಾಬಾದಿಗೆ ಹೋಗದ ತುಘಲಕ್

ಆಮಂತ್ರಣ ಪತ್ರಿಕೆಯಲ್ಲಿ ‘ಸಂಜೆ 6ಕ್ಕೆ ಸರಿಯಾಗಿ’ ಎಂದಿತ್ತು. ‘ಸರಿಯಾಗಿ’ ಎಂಬ ಪದವನ್ನು ಈಗಲೂ ನಂಬುವ ಪೆದ್ದರಲ್ಲಿ ನಾನೂ ಒಬ್ಬ. ಐದು ನಿಮಿಷ ಮೊದಲೇ ಹೋದೆ. ರಂಗಮಂದಿರದಲ್ಲಿ ನಾನು, ಮೈಕಿನವನು, ದೀಪದ ಕಂಬಕ್ಕೆ ಎಣ್ಣೆ ಹೊಯ್ಯುತ್ತಿದ್ದ ಹುಡುಗ, ಇಷ್ಟೇ ಜನ.

ನಾಟಕ ಗಿರೀಶ ಕಾರ್ನಾಡರ ‘ತುಘಲಕ್’. ಇದು ಗೊತ್ತಾಗಲು ಪತ್ರಿಕೆಯನ್ನು ಎರಡು ಸಲ ಓದಬೇಕಾಯಿತು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಘನ ಉಪಸ್ಥಿತಿ ಎಲ್ಲ ದಾಟಿ, ‘ಸರ್ವರಿಗೂ ಸ್ವಾಗತ’ಕ್ಕಿಂತ ಒಂದು ಸಾಲು ಮೇಲೆ ‘ತದನಂತರ ನಾಟಕ’ ಎಂದಿತ್ತು. ನಾಟಕಕಾರರ ಹೆಸರು ಅಧ್ಯಕ್ಷರ ಬಿರುದುಗಳಿಗಿಂತ ಸಣ್ಣ ಅಕ್ಷರದಲ್ಲಿತ್ತು.

ಏಳಕ್ಕೆ ಗಣ್ಯರು ಬಂದರು. ವೇದಿಕೆಯ ಮೇಲೆ ಒಂದು ಕುರ್ಚಿ ಕಡಿಮೆ ಬಿತ್ತು. ಗಡಿಬಿಡಿಯಲ್ಲಿ ಯಾರೋ ಪರದೆಯ ಹಿಂದಿನಿಂದ ತುಘಲಕ್‌ನ ಸಿಂಹಾಸನವನ್ನೇ ಎಳೆದು ತಂದರು. ಅಧ್ಯಕ್ಷರು ಕೂತರು. ಥರ್ಮೋಕೋಲಿನ ಸಿಂಹದ ಮುಖದ ಮೇಲೆ ಕೈಯಿಟ್ಟು ಅವರು ಕೂತ ಠೀವಿ ನೋಡಿದರೆ, ಪಾತ್ರ ಹಂಚುವಾಗ ನಿರ್ದೇಶಕನೇ ಎಡವಿದ ಅನ್ನಿಸಿತು.

ಆಮೇಲೆ ನಿರೂಪಣೆ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ದೀಪ ಹಚ್ಚಲು ಏಳು ಜನ, ಬೆಂಕಿಪೊಟ್ಟಣ ಮಾತ್ರ ಇಲ್ಲ. ಮಾತಾಡಿದ ಪ್ರತಿಯೊಬ್ಬರೂ ಷೇಕ್ಸ್‌ಪಿಯರ್‌ನ ಆ ಒಂದು ಮಾತನ್ನು ಹೇಳಿದರು (ಯಾವುದೆಂದು ನಿಮಗೂ ಗೊತ್ತು, ಆತ ಬೇರೇನನ್ನೂ ಬರೆದಂತಿಲ್ಲ). ಪ್ರತಿಯೊಬ್ಬರೂ ಕಾಲೇಜಿನಲ್ಲಿ ಒಮ್ಮೆ ಸ್ತ್ರೀಪಾತ್ರ ಮಾಡಿದ್ದರು. ಪ್ರತಿಯೊಬ್ಬರೂ ರಂಗಭೂಮಿ ಸಾಯುತ್ತಿದೆ ಎಂದು ಕಳವಳಪಟ್ಟರು. ವಿಶೇಷ ಆಹ್ವಾನಿತರೊಬ್ಬರು ರಂಗಭೂಮಿಯ ಮೇಲೆ ತಾವೇ ಬರೆದ ಕವಿತೆಯನ್ನು ಮೊಬೈಲಿನಿಂದ ಓದಿದರು. ನಡುವೆ ಕರೆ ಬಂತು. ಅದನ್ನು ತೆಗೆದುಕೊಂಡು, ‘ಆಮೇಲೆ ಮಾಡ್ತೀನಿ’ ಎಂದವರು ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದರು.

ನಾನು ಎದ್ದು ಬಣ್ಣದ ಕೋಣೆಗೆ ಹೋದೆ. ಅಲ್ಲಿ ಸುಲ್ತಾನ ಒಂದು ಬೆಂಚಿನ ಮೇಲೆ ಕೂತು ಗಡ್ಡದ ಅಂಚನ್ನು ಒತ್ತಿಕೊಳ್ಳುತ್ತಿದ್ದ. ‘ಇದನ್ನ ಅಂಟಿಸಿ ಎರಡು ಗಂಟೆ ಆಯ್ತು ಸಾರ್. ಇಡ್ಲಿ ತಿನ್ನೋಣ ಅಂದ್ರೆ ಗಡ್ಡ ಬಾಯಿಗೆ ಬರುತ್ತೆ’ ಎಂದ. ಮಂಡಳಿಯ ಕಾರ್ಯದರ್ಶಿ ಅಲ್ಲೇ ಶಾಲು ಎಣಿಸುತ್ತಿದ್ದರು. ‘ಇಷ್ಟೆಲ್ಲ ಬೇಕಾ ಸ್ವಾಮಿ?’ ಎಂದೆ. ‘ಸನ್ಮಾನ ಇಲ್ದಿದ್ರೆ ದುಡ್ಡು ಯಾರು ಕೊಡ್ತಾರೆ ಸಾರ್? ಪೂರ್ವರಂಗ ಭರತಮುನಿ ಕಾಲದಿಂದಲೂ ಇರೋದೇ ಅಲ್ವೇ?’ ಎಂದರು.

ಇದೆ, ನಿಜ. ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ವರಂಗಕ್ಕೇ ಮೀಸಲು. ಅದಕ್ಕೆ 19 ಅಂಗಗಳು. ಆದರೆ ಮುನಿ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದಾನೆ: ಇದನ್ನು ಬಹಳ ಎಳೆಯಬೇಡಿ, ಆಡುವವರಿಗೂ ನೋಡುವವರಿಗೂ ಆಯಾಸವಾಗುತ್ತದೆ, ದಣಿದವರಿಗೆ ಮುಂದಿನ ರಸ ಹತ್ತುವುದಿಲ್ಲ ಎಂದು. ಆ ಭಾಗ ಬರುವ ಹೊತ್ತಿಗೆ ನಮ್ಮ ಸಂಘಟಕರು ಪುಸ್ತಕ ಮುಚ್ಚಿರಬೇಕು. ಗ್ರೀಕರನ್ನು ಬೇಕಾದರೂ ಕೇಳಿ. ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನಲ್ಲಿ, ಡಯೊನೀಸಿಯಾ ಉತ್ಸವದ ದುರಂತ ನಾಟಕಗಳಿಗೆ ಮೊದಲು ಸಾಮಂತ ನಗರಗಳ ಕಪ್ಪಕಾಣಿಕೆ ತೋರಿಸುತ್ತಿದ್ದರು, ಯುದ್ಧದಲ್ಲಿ ಸತ್ತವರ ಮಕ್ಕಳ ಮೆರವಣಿಗೆ ನಡೆಯುತ್ತಿತ್ತು, ಊರಿಗೆ ಉಪಕಾರ ಮಾಡಿದವರಿಗೆ ಕಿರೀಟ ಘೋಷಿಸುತ್ತಿದ್ದರು. ಆದರೆ ಅಲ್ಲಿ ಒಬ್ಬ ಕವಿಯ ಮೂರು ದುರಂತ ನಾಟಕ, ಮೇಲೊಂದು ಸ್ಯಾಟಿರ್ ನಾಟಕ ಒಂದೇ ದಿನದಲ್ಲಿ ಮುಗಿಯುತ್ತಿದ್ದವು. ನಮ್ಮಲ್ಲಿ ಒಂದು ನಾಟಕವೂ ಪೂರ್ತಿಯಾಗುವುದಿಲ್ಲ.

ಬೆಂಗಳೂರಿನಲ್ಲಿ 2004ರಿಂದ ರಂಗಶಂಕರ ಇದೆ. ಅಲ್ಲಿ ಏಳೂವರೆ ಅಂದರೆ ಏಳೂವರೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಇದನ್ನು ಹೇಳಿದಾಗ ಕಾರ್ಯದರ್ಶಿಗಳು ಅನುಕಂಪದಿಂದ ನನ್ನನ್ನೇ ನೋಡಿದರು.

ಆ ದಿನ 11 ಶಾಲು ಹೊದಿಸಿದರು. ತುಘಲಕ್ ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದ, ಮನೆಮನೆಯಲ್ಲೂ ಟಂಕಸಾಲೆ ಎದ್ದಿತು, ಕೊನೆಗೆ ನಾಟಕದಲ್ಲಿ ಖೋಟಾ ನಾಣ್ಯದ ರಾಶಿ ಅವನ ಗುಲಾಬಿ ತೋಟಕ್ಕೇ ಬಂದು ಬೀಳುತ್ತದೆ. ನಮ್ಮ ಶಾಲಿಗೂ ಅದೇ ಗತಿ, ತೋಟವೊಂದಿಲ್ಲ ಅಷ್ಟೆ. ಹತ್ತನೆಯ ಶಾಲಿನ ಹೊತ್ತಿಗೆ ಮುಖ್ಯ ಅತಿಥಿಗಳು ‘ಇನ್ನೂ ದಾರಿಯಲ್ಲಿದ್ದಾರೆ’ ಎಂದು ತಿಳಿಯಿತು. ‘ಸಾರ್, ನೀವೇ ಬನ್ನಿ, ಎರಡು ಮಾತು’ ಎಂದು ಕಾರ್ಯದರ್ಶಿ ನನ್ನ ಕೈ ಹಿಡಿದರು. ಹನ್ನೊಂದನೆಯ ಶಾಲು ನನ್ನ ಹೆಗಲಿಗೆ ಬಿತ್ತು. ಸಮಯಪ್ರಜ್ಞೆಯ ಬಗ್ಗೆ ನಾನು ಇಪ್ಪತ್ತೆರಡು ನಿಮಿಷ ಮಾತಾಡಿದೆನೆಂದು ಆಮೇಲೆ ಮೈಕಿನವನು ಹೇಳಿದ. ಸ್ತ್ರೀಪಾತ್ರದ ವಿಷಯವನ್ನೂ ಹೇಳಿದೆನಂತೆ.

ನಾಟಕ ಶುರುವಾದಾಗ ಎಂಟೂವರೆ. ರಂಗಮಂದಿರವನ್ನು ಒಂಬತ್ತೂವರೆಗೆ ಬಿಟ್ಟುಕೊಡಬೇಕು. ನಿರ್ದೇಶಕ 13 ದೃಶ್ಯಗಳ ಮೇಲೆ ಕತ್ತರಿ ಹಿಡಿದು ಕೂತ. ಏಳನೆಯ ದೃಶ್ಯದಲ್ಲಿ ಜನ ದಿಲ್ಲಿ ಬಿಟ್ಟು ದೌಲತಾಬಾದಿನ ದಾರಿ ಹಿಡಿಯಬೇಕಿತ್ತು. ಸಮಯದ ಅಭಾವದಿಂದ ಅವರು ಹೊರಡಲೇ ಇಲ್ಲ. ರಾಜಧಾನಿ ಬದಲಾಯಿಸಿ ಹೆಸರು ಕೆಡಿಸಿಕೊಂಡ ದೊರೆ ನಮ್ಮೂರಿನಲ್ಲಿ ರಾಜಧಾನಿಯನ್ನು ಬದಲಾಯಿಸದೆಯೇ ಬಚಾವಾದ. ಇಷ್ಟಾದರೂ ಆ ಹುಡುಗ, ಅಂಟು ಬಿಡುತ್ತಿದ್ದ ಗಡ್ಡದಲ್ಲೇ, ನಲವತ್ತು ನಿಮಿಷ ಎಂಥ ಕಸುವಿನಿಂದ ಆಡಿದ ಅನ್ನುತ್ತೀರಿ! ನೋಡಲು ಹದಿನೆಂಟು ಜನ ಉಳಿದಿದ್ದರು. ಶಾಲಿನವರಲ್ಲಿ ನಾನೊಬ್ಬನೇ.

ನಿದ್ದೆ ಕಳೆದುಕೊಂಡ ಸುಲ್ತಾನ ಕೊನೆಯ ದೃಶ್ಯದಲ್ಲಿ ಸಿಂಹಾಸನದ ಮೇಲೆ ನಿದ್ದೆ ಹೋಗುತ್ತಾನೆ. ಆ ದೃಶ್ಯವನ್ನೂ ಬಿಟ್ಟರು. ಬೇಸರವೇನಿಲ್ಲ, ಅದನ್ನು ಅಧ್ಯಕ್ಷರು ಏಳೂಮುಕ್ಕಾಲಿಗೇ, ಅದೇ ಸಿಂಹಾಸನದ ಮೇಲೆ, ಸಹಜಾಭಿನಯದಲ್ಲಿ ಮುಗಿಸಿದ್ದರು.

ಬರುವ ತಿಂಗಳು ಇನ್ನೊಂದು ನಾಟಕವಿದೆ. ಪತ್ರಿಕೆಯಲ್ಲಿ ‘6ಕ್ಕೆ ಸರಿಯಾಗಿ’ ಎಂದೇ ಇದೆ. ನೀವು ಎಂಟೂವರೆಗೆ ಬನ್ನಿ. ನಾನು ಮಾತ್ರ ಆರಕ್ಕೇ ಹೋಗಬೇಕು. ಈ ಸಲ ವಿಶೇಷ ಆಹ್ವಾನಿತರಲ್ಲಿ ನನ್ನ ಹೆಸರಿದೆ.