ಎದ್ದು ಹೋಗಬೇಡಿ, ಸಿನಿಮಾ ಈಗ ಶುರು

ಸಿನಿಮಾಕ್ಕೆ ತಡವಾಗಿ ಬರುವುದು, ಮುಗಿಯುವ ಮೊದಲೇ ಎದ್ದು ಹೋಗುವುದು ನಮ್ಮ ಜನ್ಮಸಿದ್ಧ ಹಕ್ಕು. ವಿಲನ್ ಮೇಲಿನಿಂದ ಕೆಳಗೆ ಬಿದ್ದ ಅಂದರೆ ಸಾಕು, ಅವನು ಸತ್ತನೋ ಇಲ್ಲವೋ ಎಂದು ನೋಡುವ ವ್ಯವಧಾನ ಯಾರಿಗೂ ಇಲ್ಲ. ಕತ್ತಲಲ್ಲೇ ಕಾಲಿನಿಂದ ಚಪ್ಪಲಿ ತಡಕಿ, ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಸ್ಕೂಟರ್ ಸ್ಟ್ಯಾಂಡಿನ ಕಡೆ ದೌಡು. ಅಲ್ಲಿ ಹೋಗಿ ಅರ್ಧ ಗಂಟೆ ಸ್ಕೂಟರ್ ಹೊರಗೆಳೆಯಲಾಗದೆ ನಿಲ್ಲುತ್ತಾರೆ, ಆ ಮಾತು ಬೇರೆ. ಹೀಗೆ ಓಡಿದವರು ಏನೇನು ಕಳೆದುಕೊಂಡಿದ್ದಾರೆ ಎಂದು ಪಟ್ಟಿ ಮಾಡಿದರೆ ‘ರಷ್ ಅವರ್’ ಚಿತ್ರದ ಕೊನೆಯ ಕೆಲವು ನಿಮಿಷಗಳಿಗೆ ಅದರಲ್ಲಿ ಮೇಲಿನ ಸ್ಥಾನವನ್ನೇ ಕೊಡಬೇಕು.

1998ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ಜೋಡಿ ಪೊಲೀಸರ ಚಿತ್ರ ಇದು. ನಿರ್ದೇಶಕ ಬ್ರೆಟ್ ರಾಟ್ನರ್. ಪೊಲೀಸರು ಜಾಕಿ ಚಾನ್ ಮತ್ತು ಕ್ರಿಸ್ ಟಕರ್. ಜೋಡಿ ಪೊಲೀಸ್ ಎಂದರೆ ಗೊತ್ತಲ್ಲ? ಎಣ್ಣೆ ಒಬ್ಬ, ಸೀಗೆಕಾಯಿ ಇನ್ನೊಬ್ಬ. ಇಬ್ಬರನ್ನೂ ಒಂದೇ ಕಾರಿಗೆ ತುಂಬಿ ಬಾಗಿಲು ಹಾಕಿದರೆ ಅರ್ಧ ಕಥೆ ತಾನಾಗಿ ಆಗುತ್ತದೆ. ಹಾಲಿವುಡ್ಡಿಗೆ ಈ ಗುಟ್ಟು ಮೊದಲಿನಿಂದ ಗೊತ್ತು. 1982ರ ‘48 ಅವರ್ಸ್’ನಲ್ಲಿ ಪೊಲೀಸಿನವನ ಪಕ್ಕಕ್ಕೆ ಜೈಲಿನಿಂದ ಎರಡು ದಿನಕ್ಕೆಂದು ಬಿಡಿಸಿ ತಂದ ಕೈದಿಯನ್ನೇ ಕೂರಿಸಿದರು. 1987ರ ‘ಲೆಥಲ್ ವೆಪನ್’ನಲ್ಲಿ ಜೀವದ ಹಂಗು ತೊರೆದವನನ್ನು ಐವತ್ತು ತುಂಬಿದ ಸಂಸಾರಸ್ಥನಿಗೆ ಗಂಟು ಹಾಕಿದರು. ನಮ್ಮ ಕಡೆ ಈ ರಗಳೆ ಇಲ್ಲ. ಸಾಂಗ್ಲಿಯಾನನಿಗೆ ಶಂಕರ್‌ನಾಗ್ ಒಬ್ಬರೇ ಸಾಕಾಗಿತ್ತು. ನಮ್ಮ ಚಿತ್ರಗಳಲ್ಲಿ ಎರಡನೆಯ ಪೊಲೀಸ್ ಇದ್ದರೆ ಅವನು ಹೊಟ್ಟೆ ಬಿಟ್ಟ ಪೀಸಿ, ಸೆಲ್ಯೂಟ್ ಹೊಡೆಯುವಾಗ ಟೋಪಿ ಬೀಳಿಸುವುದೇ ಅವನ ಡ್ಯೂಟಿ.

‘ರಷ್ ಅವರ್’ ಕಥೆಯನ್ನು ಒಂದು ಉಸಿರಿನಲ್ಲಿ ಹೇಳಬಹುದು. ಲಾಸ್ ಏಂಜಲೀಸಿನಲ್ಲಿರುವ ಚೀನೀ ಕಾನ್ಸಲ್‌ನ ಮಗಳ ಅಪಹರಣವಾಗುತ್ತದೆ. ಅವನು ತನ್ನ ನಂಬಿಕೆಯ ಇನ್ಸ್‌ಪೆಕ್ಟರ್ ಲೀಯನ್ನು, ಅಂದರೆ ಜಾಕಿಯನ್ನು, ಹಾಂಗ್‌ಕಾಂಗ್‌ನಿಂದ ಕರೆಸುತ್ತಾನೆ. ಎಫ್‌ಬಿಐ ದೊರೆಗಳಿಗೆ ಈ ಪರದೇಶಿ ಬೇಡ. ‘ಇವನನ್ನು ಊರು ಸುತ್ತಿಸಿ ಕಾಲ ಕಳೆಸಿ’ ಎಂದು ಸ್ಥಳೀಯ ಪೊಲೀಸಿನ ದೊಡ್ಡ ಬಾಯಿಯ ಕಾರ್ಟರ್‌ಗೆ, ಅಂದರೆ ಟಕರ್‌ಗೆ, ದಾಟಿಸುತ್ತಾರೆ. ನಮ್ಮ ಇಲಾಖೆಗಳಲ್ಲಿ ಇನ್ಸ್‌ಪೆಕ್ಷನ್ನಿಗೆ ಬಂದವರನ್ನು ದೇವಸ್ಥಾನ ತೋರಿಸಿ, ಊಟ ಹಾಕಿಸಿ ಬಸ್ಸು ಹತ್ತಿಸುತ್ತಾರಲ್ಲ, ಅದೇ ವಿದ್ಯೆ.

ವಿಮಾನದಿಂದ ಇಳಿದ ಲೀ ತುಟಿ ಪಿಟಕ್ ಅನ್ನುವುದಿಲ್ಲ. ಇವನಿಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡ ಕಾರ್ಟರ್, ಕಿವುಡರಿಗೆ ಹೇಳುವ ಹಾಗೆ ಗಂಟಲು ಹರಿದುಕೊಂಡು ಮಾತಾಡುತ್ತಾನೆ. ಕೊನೆಗೊಮ್ಮೆ ಲೀ ಶುದ್ಧ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟಾಗ ಕಾರ್ಟರ್‌ಗೆ ಮೈಯೆಲ್ಲ ಉರಿ. ಬರುವುದಿಲ್ಲ ಎಂದು ನಾನು ಹೇಳಿರಲಿಲ್ಲವಲ್ಲ, ಮಾತಾಡುವ ಚಟ ಇರುವವರಿಗೆ ಮಾತಾಡಲು ಬಿಡುತ್ತೇನೆ ಎಂಬ ಅರ್ಥದ ಉತ್ತರ ಕೊಡುತ್ತಾನೆ ಲೀ. ಎಷ್ಟೋ ಮನೆಗಳಲ್ಲಿ ಗಂಡಂದಿರು ಈ ಸೂತ್ರ ಹಿಡಿದೇ ಬದುಕಿದ್ದಾರೆ, ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ಮಾಡಿಲ್ಲ.

ಹೊಡೆದಾಟಗಳಲ್ಲಿ ನಾನು ಬೆರಳಿಟ್ಟು ತೋರಿಸುವುದು ಕೊನೆಯದನ್ನು. ಚೀನಾದ ಪುರಾತನ ವಸ್ತುಗಳ ಪ್ರದರ್ಶನ ನಡೆಯುತ್ತಿದೆ. ಲೀ ಒಬ್ಬೊಬ್ಬ ಖದೀಮನಿಗೂ ಒಂದೊಂದು ಏಟು ಕೊಡುತ್ತಲೇ, ಬೀಳಲಿರುವ ಆಳೆತ್ತರದ ಹೂದಾನಿಯನ್ನು ತಬ್ಬಿ ಹಿಡಿದು ನೆಟ್ಟಗೆ ನಿಲ್ಲಿಸುತ್ತಾನೆ. ಮತ್ತೊಂದು ಏಟು, ಮತ್ತೊಂದು ಹೂದಾನಿ. ಎಲ್ಲವನ್ನೂ ಉಳಿಸಿದೆ ಎಂದು ಉಸಿರು ಬಿಡುವಷ್ಟರಲ್ಲಿ ಯಾರದೋ ಗುಂಡು ಬಂದು ಹೂದಾನಿ ಚೂರು ಚೂರು. ಆಗ ಜಾಕಿಯ ಮುಖ ನೋಡಬೇಕು. ಗುಂಡು ತನಗೇ ತಗುಲಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

ಸಿನಿಮಾ ಓಡಿದ್ದು ಸುಳ್ಳಲ್ಲ. ಮೊದಲ ವಾರಾಂತ್ಯಕ್ಕೇ 3.3 ಕೋಟಿ ಡಾಲರ್. ಜಗತ್ತಿನಾದ್ಯಂತ ಒಟ್ಟು 24 ಕೋಟಿಗೂ ಮೇಲೆ. ಸೆನ್ ಡುಯಾಂಗ್ ಎಂಬ ಜಾಕಿ ಅಭಿಮಾನಿ, ತನ್ನ ನಾಯಕನ ಚಿತ್ರಗಳ ವಿಮರ್ಶೆಗಳನ್ನು ಒಂದೆಡೆ ಗುಡ್ಡೆ ಹಾಕುವ ಹುಚ್ಚು ಹಿಡಿಸಿಕೊಂಡು, ಈ ಚಿತ್ರ ಬರುವ ಹೊತ್ತಿಗೇ ‘ರಾಟನ್ ಟೊಮ್ಯಾಟೋಸ್’ ಜಾಲತಾಣ ಶುರು ಮಾಡಿದ. ಇಂದು ಯಾವ ಸಿನಿಮಾಕ್ಕೂ ಶೇಕಡಾ ಲೆಕ್ಕದಲ್ಲಿ ಕೊಳೆತ ಟೊಮೆಟೊ ಬೀಳುತ್ತಿದ್ದರೆ ಅದರ ಮೂಲ ಈ ಅಭಿಮಾನವೇ. ಇಷ್ಟಾದರೂ ಜಾಕಿಗೆ ಮಾತ್ರ ಈ ಚಿತ್ರ ಅಷ್ಟಾಗಿ ರುಚಿಸಲಿಲ್ಲ. ಅಮೆರಿಕದ ತಮಾಷೆ ಅರ್ಥವಾಗಲಿಲ್ಲ, ಹೊಡೆದಾಟವೂ ತನ್ನ ಮಟ್ಟದ್ದಲ್ಲ ಎಂದು ಅವನೇ ಹೇಳಿಕೊಂಡಿದ್ದಾನೆ. ಆಮೇಲೆ ಎರಡನೆಯ ಭಾಗ, ಮೂರನೆಯ ಭಾಗ ಎರಡರಲ್ಲೂ ನಟಿಸಿದ. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ?

ಈಗ ಕೊನೆಯ ನಿಮಿಷಗಳಿಗೆ ಬರೋಣ. ಜಾಕಿಯ ಚಿತ್ರಗಳಲ್ಲಿ ಹೆಸರುಗಳು ಮೇಲೇರುವಾಗ ಪಕ್ಕದಲ್ಲಿ ಕೆಟ್ಟುಹೋದ ಶಾಟ್‌ಗಳನ್ನು ತೋರಿಸುವ ಪದ್ಧತಿಯಿದೆ. 1981ರ ‘ದಿ ಕ್ಯಾನನ್‌ಬಾಲ್ ರನ್’ ಎಂಬ ಹಾಲಿವುಡ್ ಚಿತ್ರದಲ್ಲಿ ಸಣ್ಣ ಪಾತ್ರ ಮಾಡಲು ಹೋದಾಗ ಅಲ್ಲಿಂದ ಹೊತ್ತು ತಂದದ್ದು. ಹಾಂಗ್‌ಕಾಂಗ್ ಚಿತ್ರಗಳಲ್ಲಿ ಅದು ನೋಡಿದರೆ ಎದೆ ಝಲ್ಲೆನ್ನುವ ಭಾಗ. 1986ರ ‘ಆರ್ಮರ್ ಆಫ್ ಗಾಡ್’ನಲ್ಲಿ ಮರದಿಂದ ಬಿದ್ದು ತಲೆಬುರುಡೆ ಒಡೆದುಕೊಂಡದ್ದನ್ನೂ ತೋರಿಸಿದ ಪುಣ್ಯಾತ್ಮ ಅವನು. ‘ರಷ್ ಅವರ್’ನಲ್ಲಿ ಹಾಗಲ್ಲ. ಮೂಳೆ ಮುರಿದುಕೊಂಡೇ ಹೆಸರು ಮಾಡಿದವನನ್ನು ಇಲ್ಲಿ ಉರುಳಿಸಿದ್ದು ಎಲುಬಿಲ್ಲದ ನಾಲಿಗೆ. ಇಂಗ್ಲಿಷ್ ಸಂಭಾಷಣೆ ತೊಡರುತ್ತದೆ, ಟಕರ್ ಬಿದ್ದು ಬಿದ್ದು ನಗುತ್ತಾನೆ. ಆಮೇಲೆ ಟಕರ್‌ಗೆ ಚೀನೀ ಭಾಷೆಯ ಪುಟ್ಟದೊಂದು ಮಾತು ಹೇಳುವ ಸರದಿ. ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಆಗ ಜಾಕಿ ಕ್ಯಾಮೆರಾ ಕಡೆ ತಿರುಗಿ, ನನ್ನ ಇಂಗ್ಲಿಷ್ ನೋಡಿ ನಗುತ್ತಿದ್ದವನಿಗೆ ಮೂರು ಪದ ಚೀನೀ ಹೇಳಲು ಬರುತ್ತಿಲ್ಲ ನೋಡಿ ಎಂಬಂತೆ ಲೆಕ್ಕ ಚುಕ್ತಾ ಮಾಡುತ್ತಾನೆ. ಇಡೀ ಚಿತ್ರದಲ್ಲಿ ಕಾರ್ಟರ್ ಎಂಬ ಪಾತ್ರದ ಬಾಯಿ ಮುಚ್ಚಿಸಲು ಯಾರಿಂದಲೂ ಆಗಿರಲಿಲ್ಲ. ಅದು ಆದದ್ದು ಸಿನಿಮಾ ಮುಗಿದ ಮೇಲೆ.

ಥಿಯೇಟರಿನಲ್ಲಿ ಇದನ್ನು ನೋಡಿದವರು ಕಸ ಗುಡಿಸುವವರು ಮಾತ್ರ. ಉಳಿದವರಿಗೆ ದರ್ಶನ ಭಾಗ್ಯ ಒದಗಿಸಿದ್ದು ಮನೆಗೆ ಬಂದ ಡಿಸ್ಕು. ನಮ್ಮ ಬೀದಿಗಳಿಗೆ ಮೊದಲು ಬಂದದ್ದು ವಿಸಿಡಿ. ಒಂದು ವಿಸಿಡಿಯ ಹೊಟ್ಟೆಗೆ ಹಿಡಿಸುವುದು ಒಂದೂಕಾಲು ಗಂಟೆಯಷ್ಟೇ. ಹಾಗಾಗಿ ಒಂದೂವರೆ ಗಂಟೆ ದಾಟಿದ ಸಿನಿಮಾಕ್ಕೆ ಎರಡು ಡಿಸ್ಕು. ಬಾಡಿಗೆಗೆ ತಂದ ಡಬ್ಬಿಯಲ್ಲಿ ಎರಡನೆಯದರ ಜಾಗದಲ್ಲಿ ಯಾವುದೋ ಭಕ್ತಿಗೀತೆ ಕೂತಿರುವುದು ಅಂದಿನ ಮಾಮೂಲಿ ಅನುಭವ. ಕನ್ನಡಕ್ಕೆ ಡಬ್ಬಿಂಗ್ ಎಂಬ ಮಾತೇ ಎತ್ತುವ ಹಾಗಿರಲಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ತರ್ಜುಮೆಯ ಜವಾಬ್ದಾರಿ ಇಂಗ್ಲಿಷ್ ಮೀಡಿಯಂ ಹುಡುಗನದು. ಕ್ರಿಸ್ ಟಕರ್ ಬಾಯಿ ಮೆಷಿನ್‌ಗನ್ನಿನದು. ಹುಡುಗ ಎಲ್ಲಿ ಹಿಡಿದಾನು? ಅಜ್ಜಿಗೆ ಗುಮಾನಿ. “ಅವನು ಅಷ್ಟುದ್ದ ಮಾತಾಡಿದ, ನೀನು ‘ಬಾ’ ಅಂದ ಅಂತೀಯಲ್ಲೋ. ಸ್ಕೂಲ್ ಫೀಸು ದಂಡ!” ರಿಮೋಟಿನ ಪಾಸ್ ಬಟನ್ ಒತ್ತಿ, ವಾದ ತೀರಿಸಿ, ಮತ್ತೆ ಓಡಿಸಬೇಕು. ಈ ಸೌಕರ್ಯ ಯಾವ ಥಿಯೇಟರಿನಲ್ಲಿತ್ತು ಹೇಳಿ?

ಡಿವಿಡಿಯದು ಇನ್ನೂ ದೊಡ್ಡ ದರ್ಬಾರು. 1999ರಲ್ಲಿ ನ್ಯೂಲೈನ್ ಸಂಸ್ಥೆ ಹೊರತಂದ ‘ರಷ್ ಅವರ್’ ಡಿಸ್ಕಿನಲ್ಲಿ ಕತ್ತರಿಸಿ ಎಸೆದ ದೃಶ್ಯಗಳಿದ್ದವು, ಚಿತ್ರೀಕರಣದ ಕಥೆಯಿತ್ತು, ರಾಟ್ನರ್ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕಿರುಚಿತ್ರವಿತ್ತು. ಸಾಲದ್ದಕ್ಕೆ ಇಡೀ ಸಿನಿಮಾ ಉದ್ದಕ್ಕೂ ರಾಟ್ನರ್ ಹಿಂದಿನಿಂದ ವಿವರಣೆ ಕೊಡುವ ಟ್ರ್ಯಾಕು. ಟಕರ್ ಮಾತೇ ಹೆಚ್ಚಾಯಿತು ಎನ್ನುವವರ ಗತಿ ಏನಾಗಬೇಕು! ಪಾತ್ರಗಳ ಮಾತು ಬೇಡ ಎನ್ನುವವರಿಗೆಂದು ಚಿತ್ರಕ್ಕೆ ಲಾಲೋ ಶಿಫ್ರಿನ್ ಕೊಟ್ಟ ಸಂಗೀತವನ್ನು ಬೇರೆಯಾಗಿ ಕೇಳಿಸುವ ಏರ್ಪಾಡೂ ಇತ್ತು. 1973ರಲ್ಲಿ ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ಗೆ ಸಂಗೀತ ಕೊಟ್ಟವರೇ ಇವರು.

ಆದರೆ ಒಂದು ಕಿತಾಪತಿ ಇತ್ತು. ಕಂಪನಿಗಳು ಡಿವಿಡಿಗೆಂದು ಭೂಮಂಡಲವನ್ನು ಆರು ಹೋಳು ಮಾಡಿ ನಂಬರು ಕೊಟ್ಟಿದ್ದರು. ಅಮೆರಿಕ ಒಂದನೇ ವಲಯ, ಹಾಂಗ್‌ಕಾಂಗ್ ಮೂರು, ನಾವು ಐದು. ಒಂದರ ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ಓಡದು. ಹಾಂಗ್‌ಕಾಂಗ್ ಪೊಲೀಸ್ ಲಾಸ್ ಏಂಜಲೀಸಿಗೆ ಹೋಗಿ ಸ್ನೇಹ ಸಂಪಾದಿಸಿದ ಸಿನಿಮಾ ಅದು. ಅಲ್ಲಿ ಕೊಂಡ ಡಿಸ್ಕನ್ನು ಲೀ ಊರಿಗೆ ತಂದು ಹಾಕಿದ್ದರೆ ಸ್ವಂತ ಸಾಹಸವನ್ನು ನೋಡಲಾಗದೆ ಕೂರಬೇಕಿತ್ತು. ಪೊಲೀಸಿಗೆ ವೀಸಾ ಸಿಕ್ಕಿತು, ಡಿಸ್ಕಿಗೆ ಸಿಗಲಿಲ್ಲ. ನಮ್ಮ ರಿಪೇರಿ ಅಂಗಡಿಯವರು ಮಾತ್ರ ವಿಶ್ವಮಾನವರು. ರಿಮೋಟಿನಲ್ಲಿ ಏನೋ ನಾಲ್ಕು ಅಂಕಿ ಒತ್ತಿ ಆರೂ ವಲಯಗಳನ್ನು ಒಂದು ಮಾಡಿಕೊಡುತ್ತಿದ್ದರು. ವಿಶ್ವಸಂಸ್ಥೆಗೆ ಆಗದ ಕೆಲಸ ಐವತ್ತು ರೂಪಾಯಿಗೆ ಆಗುತ್ತಿತ್ತು.

ಜಾಕಿಯಂತೂ ವಲಯಗಿಲಯ ನೋಡದೆ ನಮ್ಮಲ್ಲಿಗೇ ಬಂದುಹೋದ. 2005ರ ‘ದಿ ಮಿಥ್’ ಚಿತ್ರಕ್ಕಾಗಿ ಹಂಪಿಯ ಕಲ್ಲುಗಳ ನಡುವೆ ಶೂಟಿಂಗ್ ಮಾಡಿದ. ಅಂದಿನಿಂದ ಹೊಸಪೇಟೆ ಕಡೆಯವರಿಗೆ ಅವನು ಅರ್ಧ ನೆಂಟ.

ಈಗ ಡಿಸ್ಕು ಹೋಯಿತು, ಒಟಿಟಿ ಬಂತು. ಗೀರಿಲ್ಲ, ಎರಡನೇ ಡಿಸ್ಕಿನ ತಾಪತ್ರಯವಿಲ್ಲ. ಆದರೆ ಹೆಸರುಗಳು ಏರಲು ಶುರುವಾದ ಕ್ಷಣ ಚಿತ್ರ ಮುದುಡಿ ಅಂಚೆಚೀಟಿಯಷ್ಟಾಗಿ ಮೂಲೆ ಸೇರುತ್ತದೆ. ಐದು ಎಣಿಸುವಷ್ಟರಲ್ಲಿ ಇನ್ನಾವುದೋ ಸಿನಿಮಾ ತಾನೇ ಶುರು. ಜಾಕಿ ನಾಲಿಗೆ ತೊಡರಿದ್ದೂ ಇಲ್ಲ, ಟಕರ್ ಸೋತದ್ದೂ ಇಲ್ಲ. ಮೊದಲು ನಾವು ಎದ್ದು ಓಡುತ್ತಿದ್ದೆವು. ಈಗ ಸಿನಿಮಾವೇ ನಮ್ಮನ್ನು ಎಬ್ಬಿಸಿ ಓಡಿಸುತ್ತಿದೆ.

ಆದ್ದರಿಂದ ನನ್ನ ಅಹವಾಲು ಇಷ್ಟೇ. ಅಟ್ಟದ ಮೇಲೆ ಹಳೆಯ ಡಿವಿಡಿ ಪ್ಲೇಯರ್ ಇದ್ದರೆ ಗುಜರಿಯವನಿಗೆ ಕೊಡಬೇಡಿ. ಇಲ್ಲದಿದ್ದರೆ, ಒಟಿಟಿಯಲ್ಲಿ ಕೊನೆಯ ಹೊತ್ತಿಗೆ ‘ಕ್ರೆಡಿಟ್ಸ್ ನೋಡಿ’ ಎಂಬ ಸಣ್ಣ ಬಟನ್ ಕಾಣಿಸುತ್ತದೆ, ಅದು ಮಾಯವಾಗುವ ಮೊದಲು ಒತ್ತಿಬಿಡಿ. ಸ್ಕೂಟರ್ ಹೇಗಿದ್ದರೂ ನಿಮ್ಮ ಮನೆ ಬಾಗಿಲಲ್ಲೇ ಇದೆ, ಆತುರ ಏನು?