ಎಡಗೈ ಗಡಿಯಾರಕ್ಕೊಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ಗಡಿಯಾರದವರಿಗೆ,

ಮಧುಗಿರಿ ಸೀಮೆಯ ಕಡ್ಲೆಕಾಯಿ ಬೆಳೆಗಾರನ ನಮಸ್ಕಾರಗಳು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರು ಮಾಡಲು ಹೋಗಿ ನಿಲ್ಲಿಸಿದೆ. ನಾನು ಕುಶಲವೋ ಅಲ್ಲವೋ ತೀರ್ಮಾನಿಸುವವರು ಈಗ ತಾವು.

ಬೆಂಗಳೂರಿನ ಮಗ ಯುಗಾದಿಗೆ ಬಂದವನು ತಮ್ಮನ್ನು ನನ್ನ ಕೈಗೆ ಕಟ್ಟಿ ಹೋದ. ರಾತ್ರಿಯಿಡೀ ಚರ್ಮಕ್ಕೆ ಹಸಿರು ದೀಪ ಹಿಡಿದು, ಒಂದು ಎದೆಬಡಿತಕ್ಕೂ ಮುಂದಿನದಕ್ಕೂ ನಡುವಿನ ಬಿಡುವನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಬರೆದುಕೊಳ್ಳುತ್ತೀರಂತೆ. ನಿಮಿಷಕ್ಕೆ 60 ಬಡಿತ ಎಂದರೆ ಸರಿಯಾಗಿ ಸೆಕೆಂಡಿಗೊಂದು ಅಲ್ಲವಂತೆ; ಒಂದು ಬಿಡುವು 960, ಇನ್ನೊಂದು 1,040. ಉಸಿರೆಳೆದಾಗ ಬೇಗ, ಬಿಟ್ಟಾಗ ನಿಧಾನ. ಈ ಹೆಚ್ಚುಕಮ್ಮಿ ಚೆನ್ನಾಗಿದ್ದರೆ ವೇಗಸ್ ನರ ಲಗಾಮು ಹಿಡಿದಿದೆ, ದೇಹ ಸುಧಾರಿಸಿಕೊಂಡಿದೆ ಎಂದರ್ಥ. ಗಾಣದೆತ್ತಿನ ಹೆಜ್ಜೆಯಂತೆ ಒಂದೇ ಸಮ ಬಡಿದರೆ ದಣಿವು. ‘ಗಡಿಯಾರದ ಹಾಗೆ ಬದುಕೋ’ ಅನ್ನುತ್ತಿದ್ದರು ನಮ್ಮಪ್ಪ. ಅದು ತಪ್ಪು ಅಂತ ಗಡಿಯಾರವೇ ಹೇಳುವ ಕಾಲ ಬಂತು.

ಏರುಪೇರೇ ಆರೋಗ್ಯವಾದರೆ ನಮ್ಮ ಮಳೆಯಷ್ಟು ಗಟ್ಟಿಮುಟ್ಟಾದವರು ಯಾರಿದ್ದಾರೆ ಸ್ವಾಮಿ? ಈ ಸಲ ಕೊರಟಗೆರೆಯಲ್ಲಿ ಸುರಿದದ್ದು ಮಧುಗಿರಿಗೆ ಬರುವಷ್ಟರಲ್ಲಿ ನಾಲ್ಕು ಹನಿ, ಶಿರಾಕ್ಕೆ ಗಾಳಿ, ಪಾವಗಡಕ್ಕೆ ಬರೀ ಸುದ್ದಿ. ಜುಲೈ ಮುಗಿಯುತ್ತಾ ಬಂತು, ಬಿತ್ತನೆ ಬೀಜ ಚೀಲದಲ್ಲೇ ಇದೆ. ರಾತ್ರಿ ನಾಲ್ಕು ಸಲ ಎದ್ದು ಅಂಗಳಕ್ಕೆ ಹೋಗಿ ಮೋಡ ನೋಡಿದೆ. ಬೆಳಿಗ್ಗೆ ಎದೆಬಡಿತದ ಆ ಹೆಚ್ಚುಕಮ್ಮಿಯನ್ನು ಒಂದೇ ಅಂಕಿಗಿಳಿಸಿ ತಮ್ಮ ಅಪ್ಪಣೆ: ‘19. ವಿಶ್ರಾಂತಿ ತೆಗೆದುಕೊಳ್ಳಿ.’ ಯಾವ ಅಂಗಡಿಯಲ್ಲಿ ಅಂತಲೂ ಹೇಳಿದ್ದರೆ ಚೆನ್ನಾಗಿತ್ತು.

ಮಗನ ಅಂಕಿ 60 ಅಂತ ಕೇಳಿ ಮೊದಲು ಗಾಬರಿಯಾಗಿತ್ತು. ವಯಸ್ಸಾದಂತೆ ಇಳಿಯುವುದು ಸಹಜ, ನನ್ನದನ್ನು ನನ್ನ ಹಿಂದಿನ ವಾರಗಳ ಜೊತೆ ಮಾತ್ರ ತೂಗಬೇಕು ಅಂತ ಅವನೇ ಸಮಾಧಾನ ಹೇಳಿದ. ಆದರೂ ಒಂದು ತಕರಾರಿದೆ. ಜ್ವರ ಬಂದರೂ, ಸಾಲ ಕೊಟ್ಟವನು ಬಂದರೂ, ಭಾವಮೈದ ಬಂದು ಒಂದು ಕ್ವಾರ್ಟರ್ ಕುಡಿಸಿದರೂ ತಾವು ತೋರಿಸುವುದು ಅದೇ ಇಳಿದ ಅಂಕಿ. ನಾಳೆ ಹದ ಮಳೆ ಬಿದ್ದು, ನಿದ್ದೆಗೆಟ್ಟು ಕೂರಿಗೆ ಹೂಡಿದರೂ ‘ಒತ್ತಡ’ ಅಂತಲೇ ಬರೆಯುತ್ತೀರಿ.

ವಿಶ್ರಾಂತಿ ನೋಡಬೇಕಾದರೆ ಪಾವಗಡದ ತಿರುಮಣಿ ಕಡೆ ಹೋಗಬೇಕು. ಸುಮಾರು 13,000 ಎಕರೆ ಸೋಲಾರ್ ಹಲಗೆ ಹೊದ್ದು ಮಲಗಿದೆ. ಸಾಮರ್ಥ್ಯ 2,050 ಮೆಗಾವಾಟ್. ಗುತ್ತಿಗೆ ಶುರುವಾದದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿಗೆ. ಜಮೀನಿದ್ದವರ ಅಂಕಿ ಏರಿರಬಹುದು. ಅಲ್ಲಿ ಕಳೆ ಕೀಳಲು ಕೂಲಿಗೆ ಹೋಗುತ್ತಿದ್ದವರ ಮಣಿಕಟ್ಟಿಗೆ ತಾವಿನ್ನೂ ದಯಮಾಡಿಸಿಲ್ಲ.

ಪಡುವಲಲ್ಲಿ ಗುಡುಗಿತು, ಗುಡುಗಿದೊಡನೆ ಕರೆಂಟ್ ಹೋಯಿತು. ತಮ್ಮ ಬ್ಯಾಟರಿ 6ಕ್ಕೆ ಇಳಿದಿದೆ. ವಿಶ್ರಾಂತಿ ತೆಗೆದುಕೊಳ್ಳಿ.

ಇಂತಿ ತಮ್ಮ ವಿಧೇಯ,
19