ಕಮ್ಮಿ ರಾಯರು

ನಮ್ಮ ಬೀದಿಯ ಕೊನೇ ಮನೆಯ ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಪಿಂಚಣಿ ಪುಸ್ತಕದಲ್ಲಿ ಭದ್ರವಾಗಿದೆ. ಮೈಸೂರಿನ ಕುವೆಂಪುನಗರದ ಈ ಭಾಗದಲ್ಲಿ ಪೇಪರ್ ಹುಡುಗನಿಂದ ಹಿಡಿದು ಕೇಬಲ್‌ನವನವರೆಗೆ ಎಲ್ಲರಿಗೂ ಅವರು ‘ಕಮ್ಮಿ ರಾಯರು’. "ಸ್ವಲ್ಪ ಕಮ್ಮಿ ಮಾಡ್ಕೊಳ್ರೀ" ಎನ್ನದೆ ಅವರು ಯಾವ ಬಿಲ್ಲನ್ನೂ ಕಟ್ಟಿದ್ದಿಲ್ಲ. ಖಜಾನೆ ಇಲಾಖೆಯಲ್ಲಿ ಇದ್ದಷ್ಟು ಕಾಲವೂ ಬೇರೆಯವರ ಬಿಲ್ಲಿಗೆ ಆಕ್ಷೇಪಣೆ ಬರೆದು ವಾಪಸು ಕಳಿಸಿದ ಕೈ ಅದು. ನಿವೃತ್ತಿಯಾದ ಮಾತ್ರಕ್ಕೆ ಸುಮ್ಮನಿದ್ದೀತೆ?

ಹಾಗಂತ ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಗುದ್ದಾಡುವವರಲ್ಲ ಇವರು. ಅದೇನಿದ್ದರೂ ಅವರ ಲೆಕ್ಕದಲ್ಲಿ ಒಂದನೇ ಕ್ಲಾಸಿನ ಪಾಠ. ರಾಯರ ಅಖಾಡ ಬೇರೆ: ಇಂಟರ್ನೆಟ್ಟು, ಮೊಬೈಲು, ಕೇಬಲ್ಲು, ವಿಮೆ, ನೀರಿನ ಫಿಲ್ಟರಿನ ಎಎಂಸಿ. "ಬಾಯಲ್ಲಿ ಹೇಳೋ ಬೆಲೆ ಯಾರು ಬೇಕಾದ್ರೂ ಇಳಿಸ್ತಾರೆ. ಅಚ್ಚು ಹಾಕಿದ ಬೆಲೆ ಇಳಿಸೋದು ವಿದ್ಯೆ ಕಣಯ್ಯ" ಎನ್ನುತ್ತಾರೆ.

ಬೆಳಿಗ್ಗೆ ಎರಡನೇ ಕಾಫಿ ಮುಗಿದ ಮೇಲೆ ಅವರ ಕಚೇರಿ ಶುರು. ಟೀಪಾಯಿಯ ಮೇಲೆ ಎಲ್‌ಐಸಿ ಡೈರಿ. ಅದರಲ್ಲಿ ಬಿಲ್ಲಿಗೊಂದು ಪುಟ: ಗಡುವು, ಹೋದ ವರ್ಷ ಕಟ್ಟಿದ್ದು, ಹೋದ ಸಲ ಫೋನಿನಲ್ಲಿ ಸಿಕ್ಕಿದವರ ಹೆಸರು, ಆಗ ಅವರು ಕೊಟ್ಟ ಮಾತು. ಫೋನು ಸ್ಪೀಕರಿನಲ್ಲಿ. ಹೀಗಾಗಿ ರಾಯರ ವ್ಯವಹಾರವೆಲ್ಲ ಅರ್ಧ ಬೀದಿಗೆ ನೇರಪ್ರಸಾರ.

"ನೋಡಮ್ಮ, ಹೊಸದಾಗಿ ಬರೋರಿಗೆ ರೂಟರ್ ಫ್ರೀ, ಮೊದಲನೇ ತಿಂಗಳೂ ಫ್ರೀ. ಒಂದು ದಿನ ತಪ್ಪದೆ ಕಟ್ಕೊಂಡು ಬಂದಿರೋ ನನಗೇನಮ್ಮ ಫ್ರೀ?"

"ಸಾರ್, ಅದು ನ್ಯೂ ಕಸ್ಟಮರ್ಸ್‌ಗೆ ಮಾತ್ರ ಸಾರ್."

"ಸಂತೋಷ. ಹಾಗಾದ್ರೆ ಇವತ್ತು ನನ್ನ ಹೆಸರಲ್ಲಿ ಬಿಡ್ತೀನಿ, ನಾಳೆ ನಮ್ಮ ಮನೆಯವಳ ಹೆಸರಲ್ಲಿ ನ್ಯೂ ಆಗಿ ಬರ್ತೀನಿ. ಕನೆಕ್ಷನ್ ತೆಗೆಸೋಕೆ ಯಾರ ಹತ್ರ ಮಾತಾಡ್ಬೇಕು?"

ಇಷ್ಟು ಹೇಳಿ ರಾಯರು ಸುಮ್ಮನಾಗಿಬಿಡುತ್ತಾರೆ. ಈ ಮೌನವೇ ಅವರ ಬ್ರಹ್ಮಾಸ್ತ್ರ. ‘ಮೊದಲು ಬಾಯಿ ಬಿಟ್ಟವನು ಕೆಟ್ಟ’ ಎಂಬುದು ಡೈರಿಯ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟ ಸೂತ್ರ. ಆ ಕಡೆಯಿಂದ ಕೀಬೋರ್ಡಿನ ಸದ್ದು. "ಲೈನ್‌ನಲ್ಲೇ ಇರಿ ಸಾರ್." ಕಾಯಿಸುವ ಸಂಗೀತಕ್ಕೆ ರಾಯರು ತೊಡೆಯ ಮೇಲೆ ಆದಿತಾಳ ಹಾಕುತ್ತಾರೆ. ಪಲ್ಲವಿ ಮುಗಿಯುವಷ್ಟರಲ್ಲಿ ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಹೆಚ್ಚಿಗೆ ಎಂದು ಇತ್ಯರ್ಥವಾಗಿರುತ್ತದೆ. "ಇದು ನಿಮಗೆ ಮಾತ್ರ ಸಾರ್, ಯಾರಿಗೂ ಹೇಳಬೇಡಿ" ಎನ್ನುತ್ತಾಳೆ ಹುಡುಗಿ. ನಿಜ ಹೇಳಬೇಕೆಂದರೆ ಆ ಒಂದು ತಿಂಗಳಿಗಿಂತ ರಾಯರಿಗೆ ಬೇಕಾದದ್ದು ಆ ಮಾತು. ಸಂಜೆ ಪಾರ್ಕಿನಲ್ಲಿ ಎಲ್ಲರಿಗೂ ಹೇಳುತ್ತಾರೆ.

ನಂಬರು ಬದಲಾಗದೆ ಮೊಬೈಲ್ ಕಂಪನಿ ಬದಲಾಯಿಸುವ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿ 20ರಂದು. ರಾಯರ ಪಂಚಾಂಗದಲ್ಲಿ ಅದು ಹಬ್ಬದ ದಿನ. 1900ಕ್ಕೆ ‘ಪೋರ್ಟ್’ ಎಂದು ಸಂದೇಶ ಕಳಿಸಿದರೆ ಒಂದು ಕೋಡ್ ಬರುತ್ತದೆ, ಅದರ ಆಯುಸ್ಸು ನಾಲ್ಕು ದಿನ. ಆ ನಾಲ್ಕು ದಿನ ರಾಯರು ಸ್ನಾನಕ್ಕೂ ಫೋನ್ ಬಿಟ್ಟು ಹೋಗುವುದಿಲ್ಲ. ಹಳೇ ಕಂಪನಿಯವರು "ಯಾಕೆ ಸಾರ್ ಬಿಡ್ತಿದೀರಾ?" ಎಂದು ಗೋಗರೆಯುವ ಕರೆ ಬರಬೇಕಲ್ಲ! ಇಷ್ಟೆಲ್ಲ ಮಾಡಿಯೂ ಅವರು ಕಂಪನಿ ಬದಲಾಯಿಸಿದವರೇ ಅಲ್ಲ. "ಬಿಡ್ತೀನಿ ಅನ್ನೋವರೆಗೆ ಮರ್ಯಾದೆ. ಬಿಟ್ಟಮೇಲೆ ಯಾರು ಕೇಳ್ತಾರೆ?" ಎನ್ನುತ್ತಾರೆ. ವಿಮೆಯವರನ್ನೂ ರಾಯರು ಬಿಟ್ಟವರಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಹೋಯಿತು. ಊರಿಗೆಲ್ಲ ಖುಷಿ. ರಾಯರು ಮಾತ್ರ ಏಜೆಂಟರಿಗೆ ಫೋನ್ ಮಾಡಿ, "ಸರ್ಕಾರ ಅದರ ಪಾಲು ಕಮ್ಮಿ ಮಾಡ್ತು. ನಿಮ್ಮ ಪಾಲು ಎಷ್ಟು?" ಎಂದು ಕೇಳಿದರು.

ರಾಯರಿಗೆ ಬಗ್ಗದ್ದು ಕರೆಂಟ್ ಬಿಲ್ಲೊಂದೇ. ಹಾಗೆಂದು ಬಿಟ್ಟಿಲ್ಲ. ದರ ಪರಿಷ್ಕರಣೆಗೆ ಮುಂಚೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಗ್ರಾಹಕರು ಆಕ್ಷೇಪಣೆ ಸಲ್ಲಿಸಬಹುದು ಎಂದು ತಿಳಿದ ದಿನ ಅವರ ವಯಸ್ಸು ಹತ್ತು ವರ್ಷ ಇಳಿಯಿತು. ಆದರೆ 2023ರಲ್ಲಿ ಬಂದ ಗೃಹಜ್ಯೋತಿ ಅವರನ್ನು ಮಲಗಿಸಿಬಿಟ್ಟಿತು. ಉಚಿತದ ಮಿತಿ 200 ಯೂನಿಟ್ಟು ನಿಜ, ಆದರೆ ಆಯಾ ಮನೆಗೆ ಆಗ ಗೊತ್ತುಮಾಡಿದ್ದು 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದಷ್ಟೇ. ಆ ವರ್ಷವಿಡೀ ರಾಯರು ಹೆಂಡತಿಯ ಹಿಂದೆಯೇ ಓಡಾಡಿ ಸ್ವಿಚ್ಚು ಆರಿಸಿದ್ದರು. ಸರಾಸರಿ 60 ಯೂನಿಟ್ಟು, ಸಿಕ್ಕಿದ್ದು 66. ಹಗಲೂ ಗೀಸರ್ ಉರಿಸುತ್ತಿದ್ದ ಎದುರು ಮನೆಯವರಿಗೆ 165! "ಆ ವರ್ಷ ನಮ್ಮನೆಗೆ ನೆಂಟರು ಬಂದಿರಲಿಲ್ಲ, ಅದನ್ನ ಪರಿಗಣಿಸಿ" ಎಂದು ವಿದ್ಯುತ್ ಕಚೇರಿಗೆ ಅರ್ಜಿ ಹಿಡಿದು ಹೋದರು. ಅಲ್ಲಿನ ಗುಮಾಸ್ತರು ಅರ್ಜಿ ಓದಿ ಸುಮ್ಮನಾದರು. ಮೌನದಲ್ಲಿ ಅವರು ರಾಯರಿಗಿಂತ ಪಳಗಿದವರು.

ಸೋಲಿನ ಎರಡನೇ ಅಧ್ಯಾಯ ಮನೆಯೊಳಗೇ ನಡೆಯಿತು. ಸ್ಪೀಕರ್ ಫೋನಿನ ಕಲಾಪವನ್ನೆಲ್ಲ ದಿನವೂ ನೆಲ ಒರೆಸುತ್ತ ಕೇಳಿಸಿಕೊಳ್ಳುತ್ತಿದ್ದ ಮನೆಗೆಲಸದಾಕೆ ಒಂದು ಬೆಳಿಗ್ಗೆ ಹೇಳಿದಳು: "ಸಾರ್, ಆಚೆ ಬೀದಿ ಡಾಕ್ಟ್ರ ಮನೇಲಿ ಕರೀತಾವ್ರೆ. ಐನೂರು ಜಾಸ್ತಿ ಕೊಡ್ತಾರಂತೆ. ನಂಗೇನೋ ನಿಮ್ಮನೆ ಬಿಡಕ್ಕೆ ಮನಸಿಲ್ಲ." ಅಷ್ಟೇ. ಮುಂದೆ ಒಂದು ಮಾತಿಲ್ಲ. ಗುಡಿಸುತ್ತ ಹೋದಳು.

"ಇನ್ನೂರು ಮಾಡೋಣಮ್ಮ" ಎಂದರು ರಾಯರು. ಅವಳು ಮಾತಾಡಲಿಲ್ಲ. "ಮುನ್ನೂರು?" ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಐನೂರಕ್ಕೂ ತಿಂಗಳಿಗೆ ಎರಡು ದಿನ ರಜೆಗೂ ಒಪ್ಪಂದವಾಯಿತು. ಅಡುಗೆಮನೆಯಿಂದ ರಾಯರ ಮನೆಯಾಕೆಯ ದನಿ ಬಂತು: "ಮೊದಲು ಬಾಯಿ ಬಿಟ್ಟವನು ಕೆಟ್ಟ."

ಬೀದಿಯೆಲ್ಲ ನಕ್ಕಿತು, ಈಗಲೂ ನಗುತ್ತದೆ. ಆದರೆ ಹೊಸಬರಿಗೆ ಫ್ರೀ ಕೊಟ್ಟದ್ದನ್ನು ಕಂಪನಿಯವರು ವಸೂಲು ಮಾಡುವುದು ಸಂಕೋಚದಿಂದ ಬಾಯಿ ಬಿಡದ ನಮ್ಮಂಥ ಹಳಬರಿಂದ ತಾನೆ? ಕೇಳಿದರೆ "ಇಲ್ಲ ಸಾರ್" ಎಂದಾರು, ಅದಕ್ಕಿಂತ ಹೆಚ್ಚೇನೂ ನಷ್ಟವಿಲ್ಲ. ನಿಮ್ಮ ಇಂಟರ್ನೆಟ್ ಪ್ಲಾನು ಮುಗಿಯುವುದು ಯಾವತ್ತು ಅಂತ ಈಗಲೇ ಒಮ್ಮೆ ನೋಡಿಕೊಳ್ಳಿ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯದೂ ರಾಯರ ಡೈರಿಯಲ್ಲಿದೆ, ಮನೆಯವರಿಗಷ್ಟೇ ಗೊತ್ತಿಲ್ಲ.